ಗೋಪುರದ ಮೇಲೆ ಚರಗ

ಮನುಷ್ಯನು ಕಾಡಿಗೆ ಹೋಗುವುದು ಆತ್ಮದ ಬಿಡುಗಡೆಗಾಗಿ. ನಾವು ಹೋದದ್ದು ಅಕ್ಕನ ಹೊಲ ಸೈಟುಗಳಾಗಿತ್ತೆಂಬ ಕಾರಣಕ್ಕೆ.

ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲುವ ತನಕ ಅಕ್ಕ ಯಾರಿಗೂ ತುತ್ತು ಮುಟ್ಟಗೊಡುವವಳಲ್ಲ. ಕಡುಬು, ಪಲ್ಯ, ಅನ್ನ ಕಲೆಸಿ ಭೂಮಿತಾಯಿಗೆಂದು ಪೈರಿನ ಮೇಲೆ ಎರಚುವುದೇ ಚರಗ. ಪೈರಿದ್ದಲ್ಲಿ ಈಗ ಗಡಿಕಲ್ಲುಗಳಿದ್ದುದರಿಂದ, ಗಂಗಾವತಿ ಕಡೆಯ ಗುಡ್ಡದಡಿಯ ಅರಣ್ಯ ಉದ್ಯಾನವೇ ಈ ವರ್ಷದ ಹೊಲವೆಂದು ತೀರ್ಮಾನವಾಯಿತು. ಅಕ್ಕ, ಭಾವ, ನಾನು ಟಿಕೆಟು ತೆಗೆಸಿ ನಮ್ಮ ಹೊಲಕ್ಕೆ ಹೋದೆವು.

ನನಗೆ ಸಕ್ಕರೆ ಕಾಯಿಲೆ. ಊಟ ಇನ್ನೇನು ಬಂತೆಂದು ಗೇಟಿನಲ್ಲೇ ಗುಳಿಗೆ ನುಂಗಿದ್ದೆ. ಗುಳಿಗೆಯ ಬೆನ್ನಿಗೆ ಊಟ ಬೀಳದಿದ್ದರೆ ನಾನು ಬೀಳುತ್ತೇನೆ.

ಅಕ್ಕ ಬುತ್ತಿಯ ಬುಟ್ಟಿಯನ್ನು ಕೆಳಗೇ ಬಿಟ್ಟು, ಚರಗದ ಬೋಗುಣಿ ಹಿಡಿದು ಕಬ್ಬಿಣದ ವೀಕ್ಷಣಾ ಗೋಪುರ ಹತ್ತಿದಳು. ಕೈಮುಗಿಯಲು ನಾವೂ ಹತ್ತಿದೆವು. ಪ್ರಾಣಿಗಳಿಗೆ ಆಹಾರ ಹಾಕಬಾರದೆಂಬ ಫಲಕ ಅಲ್ಲೇ ತೂಗುತ್ತಿತ್ತು. ಅಕ್ಕ ಹಾಕಿದ್ದು ಭೂಮಿಗೆ. "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತ ನಾಲ್ಕೂ ದಿಕ್ಕಿಗೆ ಭೇದವಿಲ್ಲದೆ ಎರಚಿದಳು. ನಾಲ್ಕೂ ದಿಕ್ಕಿನಿಂದ ಮಂಗಗಳು ಬಂದವು.

ಇದ್ದುದೊಂದೇ ಮೆಟ್ಟಿಲು. ಅದರ ಮೇಲೆ ದೊಡ್ಡ ಗಡವ ಮಂಗವೊಂದು ಕುಳಿತು ನಮ್ಮತ್ತ ಹಲ್ಲು ಕಿರಿಯಿತು. ಉಳಿದವು ಬುಟ್ಟಿ ಬಿಚ್ಚಿದವು.

"ನೀ ಕರದಿ, ಅವು ಬಂದ್ವು. ಈಗ ಯಾಕ ಹೆದರ್ತಿ? ಬೀಗರನ್ನ ಮಾತಾಡಸು," ಎಂದರು ಭಾವ.

"ನೀವ ಇಳದು ಮಾತಾಡಸ್ರಿ. ನಿಮ್ಮ ಮಾರಿ ಅವಕ್ಕ ಹೊಂದತೈತಿ," ಎಂದಳು ಅಕ್ಕ.

ಭಾವ ಕೂಗಿದರು. ಕಾವಲುಗಾರ ಎಲ್ಲಿದ್ದನೋ, ಬರಲಿಲ್ಲ. ಕೆಳಗೆ ನಮ್ಮ ಸಜ್ಜೆ ರೊಟ್ಟಿಗಳು ಒಂದೊಂದಾಗಿ ಮರ ಹತ್ತುವುದನ್ನು ನೋಡುತ್ತ ನಿಂತೆ. ಆ ಗೋಪುರದಿಂದ ಕಂಡ ನಿಸರ್ಗ ಅಷ್ಟೇ. ಅಂಗಿ ಬೆವರಿನಿಂದ ಅಂಟಿತು. ಕಂಬಿ ಹಿಡಿದ ಕೈ ನಡುಗತೊಡಗಿತು.

"ಅಕ್ಕಾ, ಕಣ್ಣು ಮಂಜಾಗಾಕ ಹತ್ಯಾವು."

ಬೋಗುಣಿಯ ತಳದಲ್ಲಿ ಒಂದಿಷ್ಟು ಚರಗ ಉಳಿದಿತ್ತು. ಭೂಮಿಗೆಂದು ಕಲೆಸಿದ್ದನ್ನು ಮನುಷ್ಯರು ಮುಟ್ಟಿದ್ದು ನಮ್ಮ ಮನೆತನದಲ್ಲೇ ಇಲ್ಲ. ಆಕೆ ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಬಳಿದು ತುತ್ತು ಮಾಡಿ ನನ್ನ ಬಾಯಿಗಿಟ್ಟಳು.

"ನುಂಗೋ. ಭೂಮ್ತಾಯಿ ಸಂಗಾಟ ನಾ ಮಾತಾಡ್ಕೋತೀನಿ."

"ನನಗ?" ಎಂದರು ಭಾವ.

"ನೀವು ಗುಳಿಗಿ ನುಂಗೀರೇನು? ಸುಮ್ಕ ನಿಂದರ್ರಿ."

ಬೋಗುಣಿ ಬರಿದಾಯಿತು. ಸ್ವಲ್ಪ ಹೊತ್ತಿಗೆ ನನ್ನ ಕೈನಡುಕ ನಿಂತಿತು. ಬುಟ್ಟಿ ಮುಗಿದ ಮೇಲೆ ಮಂಗಗಳು ಹೋದವು, ನಾವು ಇಳಿದೆವು. ಅಕ್ಕ ಮತ್ತು ಭಾವ ಆ ದಿನ ಸಂಜೆ ಮನೆಯಲ್ಲಿ ಉಪ್ಪಿಟ್ಟು ತಿಂದರು.