ಕುರಿಮಡುವಿನ ಓಬಣ್ಣ

ಓಬಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ಬೈದುಕೊಂಡು ಓದುವುದು ಬೇಡ.

ಹಿರಿಯೂರಿನಿಂದ ಕೆಳಗೆ, ವೇದಾವತಿಯ ದಂಡೆಯಲ್ಲಿ ನಮ್ಮೂರು. ಬಸ್ ನಿಲ್ಲುವ ಕಡೆ ಗೊಬ್ಬರ, ಬೀಜ, ಔಷಧಿ, ಹಗ್ಗ ಮಾರುವ ಅಂಗಡಿಯೊಂದಿದೆ. ಅದು ನನ್ನದು. ಎದುರಿನ ಹಟ್ಟಿಯಲ್ಲಿ ಓಬಣ್ಣನ ಮನೆ. ಅವನ ಹೆಂಡತಿ ಈರಕ್ಕ, ಎಂಬತ್ತು ಕರಿ ಕುರಿ, ಎರಡು ನಾಯಿ. ಅರವತ್ತೈದು ದಾಟಿದರೂ ಓಬಣ್ಣನ ನಡಿಗೆಗೆ ನಾವ್ಯಾರೂ ಸಾಟಿಯಲ್ಲ. ಬೇಸಿಗೆಯಲ್ಲಿ ಜೋಗಿಮಟ್ಟಿಯ ತಪ್ಪಲಿನವರೆಗೂ ಕುರಿ ಹೊಡೆದುಕೊಂಡು ಹೋಗಿ ಬರುತ್ತಿದ್ದ.

ಊರಿನ ಪಕ್ಕ ಹೊಳೆ ಬಳಸಿಕೊಂಡು ಹೋಗುವಲ್ಲಿ ಒಂದು ಮಡು ಇದೆ. ಕುರಿಮಡು ಅಂತಲೇ ಅದರ ಹೆಸರು. ವರ್ಷಕ್ಕೆರಡು ಸಲ ಕುರಿಯ ತುಪ್ಪಟ ಕತ್ತರಿಸುವ ಮೊದಲು ಅಲ್ಲಿ ಕುರಿ ತೊಳೆಯಬೇಕು. ತೊಳೆಯದ ಕುರಿಗೆ ಕತ್ತರಿ ಹಾಕುವಂತಿಲ್ಲ, ಅದು ಹಟ್ಟಿಯ ಕಟ್ಟು. ಓಬಣ್ಣ ಮೊದಲು ದೊಡ್ಡ ಟಗರನ್ನು ನೀರಿಗಿಳಿಸಿ, ಮೂರು ಹಿಡಿ ರಾಗಿ ಹುರಿಹಿಟ್ಟನ್ನು ಮಡುವಿಗೆ ಎರಚುತ್ತಿದ್ದ. ಅಷ್ಟು ಹೊತ್ತಿಗೆ ಮೀನು ಬಂದಾಗಿರುತ್ತಿತ್ತು. ಕುರಿಗಳ ಗೊರಸಿನ ಸದ್ದಿಗೇ ಬರುತ್ತಿದ್ದವು! ಹಿಟ್ಟು ತಿಂದು, ತುಪ್ಪಟದಿಂದ ಉದುರುವ, ರಕ್ತ ಹೀರುವ ಉಣುಗುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದವು. ಆವತ್ತು ಯಾರೂ ಅಲ್ಲಿ ಬಲೆ ಹಾಕುವಂತಿರಲಿಲ್ಲ. ಕುರಿ ತುಳಿದು ಹಸನಾದ ಅಂಚಿನ ಜಲ್ಲಿಯಲ್ಲೇ ಆಮೇಲೆ ಮೀನು ಮೊಟ್ಟೆಯಿಡುತ್ತಿದ್ದವಂತೆ.

ಮಡುವಿನಲ್ಲಿ ಒಂದು ಜೋಡಿ ನೀರುನಾಯಿಯೂ ಇತ್ತು. ಅವು ಆಡುತ್ತಿದ್ದರೆ ಓಬಣ್ಣ ಕುರಿಯನ್ನು ಮೇಲೇ ನಿಲ್ಲಿಸಿಕೊಳ್ಳುತ್ತಿದ್ದ.

"ಏನಪ್ಪ, ಅಪ್ಪಣೆ ಆಗ್ಲಿಲ್ವಾ ಇನ್ನೂ?" ಎಂದು ನಾವು ರೇಗಿಸಿದರೆ, "ಅವರ ಸ್ನಾನ ಮುಗೀಲಿ ತಡೀರಿ. ಅವರು ನಮಗಿಂತ ಮೊದ್ಲಿಂದ ಇರೋರು," ಅನ್ನುತ್ತಿದ್ದ.

ಮೂರು ವರ್ಷದ ಹಿಂದೆ ಕುರಿಗಳಿಗೆ ಉಣುಗು ವಿಪರೀತ ಹತ್ತಿತು. ಮರಿಗಳು ರಕ್ತವಿಲ್ಲದೆ ಬಿಳಿಚಿಕೊಂಡವು. ನಾನೇ ಮೈಗೆ ಹಚ್ಚುವ ಔಷಧಿಯ ಬಾಟಲಿ ಕೊಟ್ಟೆ. ಕೊಡುವಾಗ ಸರಿಯಾಗಿಯೇ ಹೇಳಿದೆ, ಅದೊಂದನ್ನು ಮಾತ್ರ ಸರಿಯಾಗಿ ಮಾಡಿದೆ: "ಹದಿನೈದು ದಿನ ಹೊಳೆಗೆ ಇಳಿಸಬ್ಯಾಡ ಓಬಣ್ಣ. ಮೀನಿಗೆ ಇದು ಭಾರೀ ವಿಷ."

ನಾಲ್ಕನೇ ದಿನಕ್ಕೆ ಹೊಸದುರ್ಗದ ಕಡೆಯಿಂದ ತುಪ್ಪಟ ಕತ್ತರಿಸುವವರು ಬಂದುಬಿಟ್ಟರು. ವಾಪಸ್ ಕಳಿಸಿದರೆ ಆ ಸಲಕ್ಕೆ ಮತ್ತೆ ಬರುವವರಲ್ಲ. ತೊಳೆಯದೆ ಕತ್ತರಿಸಿದರೆ ಹಟ್ಟಿಯ ಕಟ್ಟು ಮುರಿಯುತ್ತದೆ. ಡ್ಯಾಮಿನಿಂದ ನೀರು ಬಿಟ್ಟಿದ್ದರು, ಹರಿಯುವ ನೀರು ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ ಎಂದು ಓಬಣ್ಣ ತನಗೆ ತಾನೇ ಹೇಳಿಕೊಂಡ. ಕುರಿ ಇಳಿಸಿದ, ಹಿಟ್ಟು ಎರಚಿದ. ಯಾವತ್ತಿನಂತೆ ಮೀನು ಬಂದವು.

ಮಾರನೆಯ ಬೆಳಿಗ್ಗೆ ಮಡುವಿನ ತುಂಬ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಬೆರಳುದ್ದದ ಮರಿಯಿಂದ ಮೊಣಕೈಯುದ್ದದ ಮೀನಿನವರೆಗೆ. ಊರಿಗೆ ಊರೇ ದಂಡೆಯಲ್ಲಿ ನಿಂತಿತು. ಕೆಳಗಿನ ಊರಿನ ಅಂಜನಪ್ಪ ಹರಿಗೋಲಿನಲ್ಲಿ ಬಂದು ನಮ್ಮ ಕಡೆ ಬಲೆ ಹಾಕಿಕೊಂಡು ಹೋಗುತ್ತಿದ್ದ. ಅವತ್ತೂ ಬಂದಿದ್ದ, ನೋಡಿ ಕಂಗಾಲಾಗಿ ನಿಂತಿದ್ದ. ನಮ್ಮೂರ ಮುರುಗಪ್ಪ ಅವನ ತೋಳು ಹಿಡಿದ.

"ಲೇ, ಮೀನು ಹಿಡಿಯೋಕೆ ಬ್ಲೀಚಿಂಗ್ ಪುಡಿ ಹಾಕಿದೀಯ ತಾನೆ?"

"ನಾಳೆನೂ ಮೀನು ಬೇಕಾದೋನು ನಾನು. ವಿಷ ಯಾಕೆ ಹಾಕ್ಲಣ್ಣ?" ಎಂದ ಅಂಜನಪ್ಪ.

ಆಗ ಎಲ್ಲರೂ ನನ್ನ ಕಡೆ ತಿರುಗಿದರು. ವಿಷದ ವಿಷಯದಲ್ಲಿ ಊರಿಗೆ ನಾನೇ ಪಂಡಿತ. "ನೀವು ಹೇಳ್ರಿ ಬಸವೇಶಪ್ಪ."

ತೊಳೆದು ಕತ್ತರಿಸಿದ ಕುರಿಗಳನ್ನು ಹಿಂದಿನ ಸಂಜೆಯೇ ನಾನು ನೋಡಿದ್ದೆ. ನನಗೆ ಗೊತ್ತಾಗಿತ್ತು. ಆದರೆ ಔಷಧಿಯ ಹೆಸರೆತ್ತಿದರೆ ಅಂಗಡಿಯ ಹೆಸರೂ ಬರುತ್ತದೆ, ಯಾವನೋ ಅಧಿಕಾರಿ ಬಂದು ಬಾಟಲಿ ಎಣಿಸುತ್ತಾನೆ, ನಾಳೆಯಿಂದ ಜನ ಬೇರೆ ಅಂಗಡಿಗೆ ಹೋಗುತ್ತಾರೆ. ಗುಂಪಿನ ಹಿಂದೆ ಓಬಣ್ಣ ಕಂಬಳಿ ಹೊದ್ದು ನಿಂತಿದ್ದ. ನನ್ನನ್ನೇ ನೋಡುತ್ತಿದ್ದ.

"ಬ್ಲೀಚಿಂಗ್ ಪುಡಿ ಹಾಕಿದ್ರೆ ಹಿಂಗೇ ಆಗೋದು," ಎಂದೆ.

ಹೇಳಿದ್ದು ಸುಳ್ಳೂ ಅಲ್ಲ ನೋಡಿ, ಅಷ್ಟು ಹುಷಾರು ನಾನು. ಅಂಜನಪ್ಪನ ಬಲೆ ಸುಟ್ಟರು, ಹರಿಗೋಲನ್ನು ಕೊಡಲಿಯಿಂದ ಸೀಳಿದರು. ಅವನು ಅಳುತ್ತಲೇ ಕಾಲುದಾರಿ ಹಿಡಿದು ಹೋದ. ಓಬಣ್ಣ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಆಮೇಲೆ ಓಬಣ್ಣ ಊರ ಮುಂದಿನ ಕಟ್ಟೆಗೆ ಬರುವುದನ್ನೇ ಬಿಟ್ಟ. "ಊಟ ಮುಂದಿಟ್ಕಂಡು ಸುಮ್ನೆ ಕುಂತಿರ್ತಾರೆ, ಏನಾಗೈತೋ ಏನೋ," ಎಂದು ಈರಕ್ಕ ನನ್ನ ಅಂಗಡಿಯಲ್ಲೇ ಬಂದು ಹೇಳಿಕೊಂಡಳು. ನಾನು ಶಕ್ತಿಗೆ ಟಾನಿಕ್ ಕೊಡಿಸು ಎಂದೆ. ನಾಚಿಕೆಯೆನ್ನುವುದು ನನ್ನ ಹತ್ತಿರ ಸುಳಿದಿರಲೇ ಇಲ್ಲ ಆಗ.

ಆರು ತಿಂಗಳಿಗೆ ಮತ್ತೆ ತುಪ್ಪಟದ ಕಾಲ ಬಂತು. ಓಬಣ್ಣ ಟಗರನ್ನು ಇಳಿಸಿ ಹಿಟ್ಟು ಎರಚಿದ. ಒಂದು ಮೀನೂ ಬರಲಿಲ್ಲ. ಹಿಟ್ಟು ನೀರ ಮೇಲೆ ನೆನೆದು, ನಿಧಾನವಾಗಿ ಮುಳುಗಿತು. ನೀರುನಾಯಿಗಳು ಆ ಹೊತ್ತಿಗೆ ಎಲ್ಲಿಗೋ ಹೋಗಿದ್ದವು. ಓಬಣ್ಣ ಕುರಿಯನ್ನು ಹಟ್ಟಿಗೆ ಅಟ್ಟಿ, ನೇರ ಕೆಳಗಿನ ಊರಿಗೆ ನಡೆದು ಹೋಗಿ ಅಂಜನಪ್ಪನನ್ನು ಕರೆದುಕೊಂಡು ಬಂದ. ಕಟ್ಟೆಯ ಮುಂದೆ ಊರವರನ್ನು ಸೇರಿಸಿದ.

"ಮೀನು ಸಾಯಿಸಿದ್ದು ನಾನು," ಎಂದ. "ಔಷಧಿ ಹಚ್ಚಿದ ಕುರಿ ಇಳಿಸ್ದೆ. ಮೀನು ನನ್ನ ನಂಬಿ ಬಂದವು. ಇವನ ಬಲೆ ಸುಡುವಾಗ ನಿಂತ್ಕಂಡು ನೋಡ್ದೆ. ನಾಕು ಕುರಿ ಹಿಡ್ಕಂಡು ಹೋಗಪ್ಪ, ನನ್ನ ಮುಖದ ಮೇಲೆ ಉಗಿದು ಹೋಗು."

ಅಂಜನಪ್ಪ ಉಗಿಯಲಿಲ್ಲ. "ಕುರಿ ತಗಂಡು ನಾನೇನ್ ಮಾಡ್ಲಿ? ಅವತ್ತೇ ಹೇಳಬಾರ್ದಿತ್ತೇನಣ್ಣ? ಆರು ತಿಂಗಳು ನನ್ನ ಮಕ್ಕಳಿಗೆ ಜನ ಏನೇನೋ ಅಂದ್ರು," ಎಂದ.

ಓಬಣ್ಣ ತಲೆಯ ಮೇಲಿನ ರುಮಾಲು ಬಿಚ್ಚಿ ಕಣ್ಣು ಒರೆಸಿಕೊಂಡ. ಮುರುಗಪ್ಪ ಕೇಳಿದ: "ಔಷಧಿ ಕೊಟ್ಟೋರು ಹೇಳಿರ್ಲಿಲ್ವಾ?"

ಓಬಣ್ಣ ನನ್ನ ಕಡೆ ನೋಡಿದ. "ಹೇಳಿದ್ರು. ಹದಿನೈದು ದಿನ ಇಳಿಸಬ್ಯಾಡ ಅಂದಿದ್ರು. ಕೇಳದೇ ಇದ್ದೋನು ನಾನು," ಎಂದ. ಅಷ್ಟೇ. ಮುಂದಿನದನ್ನು ನನಗೆ ಬಿಟ್ಟ. ಎಲ್ಲರೂ ನನ್ನ ಕಡೆ ತಿರುಗಿ ಮೆಚ್ಚಿಗೆಯಿಂದ ತಲೆಯಾಡಿಸಿದರು. ನಾನೂ ಆಡಿಸಿದೆ.

ಈಗ ಓಬಣ್ಣ ಹೊಲದ ಬೋರ್‌ವೆಲ್ಲಿನ ನೀರಲ್ಲೇ ಕುರಿ ತೊಳೆಯುತ್ತಾನೆ. ಅದಕ್ಕೆ ಹಟ್ಟಿಯಲ್ಲಿ ಬೈಸಿಕೊಂಡಿದ್ದೂ ಆಯಿತು. ತೊಳೆದ ದಿನ ಕುರಿ ಬಿಟ್ಟು ಒಬ್ಬನೇ ಮಡುವಿಗೆ ಹೋಗಿ ಹಿಟ್ಟು ಎರಚಿ ಬರುತ್ತಾನೆ. ಹೋದ ವರ್ಷ ಐದಾರು ಸಣ್ಣ ಮೀನು ಬಂದವಂತೆ. ಕಟ್ಟೆಯ ಮೇಲೆ ಮೊದಲಿನಂತೆ ಕೂರುತ್ತಾನೆ, ಅಂಜನಪ್ಪ ಬಂದರೆ ಜರುಗಿ ಜಾಗ ಕೊಡುತ್ತಾನೆ. ನಾನು ಕಟ್ಟೆ ತಪ್ಪಿಸಿ ಹಿಂದಿನ ಓಣಿಯಲ್ಲಿ ಮನೆಗೆ ಹೋಗುತ್ತೇನೆ.

ಮೊನ್ನೆ ಅಂಜನಪ್ಪ ಹೊಸ ಬಲೆಗೆ ಹಗ್ಗ ಬೇಕೆಂದು ನನ್ನ ಅಂಗಡಿಗೇ ಬಂದ. ಅಳೆದು ಕೊಡುವಾಗ ಕೇಳಿದ: "ಅವತ್ತು ನಿಮಗೂ ಗೊತ್ತಾಗಿರ್ಲಿಲ್ಲ ಅಲ್ವೇನ್ರಿ, ಔಷಧಿಯಿಂದ ಆಗಿದ್ದು ಅಂತ?"

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಎದುರಿಗೆ ಓಬಣ್ಣನ ಹಟ್ಟಿ ಕಾಣುತ್ತಿತ್ತು.

"ಇಲ್ಲಪ್ಪ," ಎಂದೆ.

"ಬಿಡ್ರಿ, ನಿಮಗೆ ಹೆಂಗೆ ಗೊತ್ತಾಗ್ಬೇಕು," ಎಂದು ನನಗೇ ಸಮಾಧಾನ ಹೇಳಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹೋದ.