ಕಸ ತೆಗೆಯುವ ಟೀ ಮತ್ತು ನಮ್ಮ ಭಾವ

ನಮ್ಮ ಭಾವನಿಗೆ ಸೈಟಿನಲ್ಲಿ ಹೆಸರೇ ಇಲ್ಲ. ಇಂಜಿನಿಯರಿನಿಂದ ಹಿಡಿದು ಕಂಬಿ ಕಟ್ಟುವವರವರೆಗೆ ಎಲ್ಲರೂ ಅವರನ್ನು ಕರೆಯುವುದು ‘ಮೇಲಿನವರು’ ಎಂದೇ. ನೆಲದಿಂದ ಐವತ್ತೈದು ಮೀಟರ್ ಎತ್ತರದಲ್ಲಿ, ಟವರ್ ಕ್ರೇನಿನ ಗಾಜಿನ ಕ್ಯಾಬಿನ್ನಿನೊಳಗೆ ಇಪ್ಪತ್ತೊಂದು ವರ್ಷ ಕೂತ ಮನುಷ್ಯ ಅವರು. ‘ಮೇಲಿನವರು ಊಟ ಮಾಡಿದ್ರಾ?’, ‘ಇವತ್ತು ಮೇಲಿನವರಿಗೆ ಕೋಪ ಬಂದಿದೆ’ ಎಂದು ನಾವು ಮಾತಾಡುವುದನ್ನು ಕೇಳಿ, ಹೊಸದಾಗಿ ಕೆಲಸಕ್ಕೆ ಸೇರಿದವರು ಇವರೆಲ್ಲ ಭಾರೀ ಭಕ್ತರು ಅಂದುಕೊಳ್ಳುತ್ತಾರೆ.

ನಾನು ಅವರ ಸಿಗ್ನಲ್‌ಮನ್. ಮೇಲೆ ಕೂತವರಿಗೆ ಕಾಣದ ಮೂಲೆಗಳನ್ನು ಕೆಳಗಿನಿಂದ ನೋಡಿ ವಾಕಿಟಾಕಿಯಲ್ಲಿ ಹೇಳುವುದು ನನ್ನ ಕೆಲಸ. ಎತ್ತಿ, ಇಳಿಸಿ, ಬಲಕ್ಕೆ ತಿರುಗಿಸಿ, ನಿಲ್ಲಿ. ಅಕ್ಕನ ಗಂಡನಿಗೆ ದಿನಕ್ಕೆ ಎಂಟು ಗಂಟೆ ಹುಕುಂ ಮಾಡಿ ಅದಕ್ಕೆ ಸಂಬಳವನ್ನೂ ತೆಗೆದುಕೊಳ್ಳುವ ಭಾಗ್ಯ ಎಷ್ಟು ಜನ ಭಾವಮೈದುನರಿಗೆ ಸಿಗುತ್ತದೆ ಹೇಳಿ! ಮನೆಗೆ ಹೋದ ಮೇಲೆ ಮಾತ್ರ ಹುಕುಂ ಪೂರ್ತಿ ಅಕ್ಕನದು. ಅಲ್ಲಿ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಬಿದ್ದಿರುವವರೇ.

ಭಾವನಿಗೆ ಕೆಳಗೆ ಇರಲು ಬರುವುದಿಲ್ಲ. ಮದುವೆ ಮನೆಯಲ್ಲಿ ಮೂಲೆ ಕುರ್ಚಿ ಹುಡುಕುತ್ತಾರೆ, ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡುತ್ತಾರೆ, ನಾಲ್ಕು ಜನ ಸೇರಿದರೆ ಮಾತು ತೊದಲುತ್ತದೆ. ಆದರೆ ಮೇಲೆ ಕೂತು ಎರಡು ಟನ್ ಕಬ್ಬಿಣವನ್ನು ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿಸುತ್ತಾರೆ. ‘ಮೇಲೆ ಹೋದ್ರೆ ನಂಗೆ ಮೊಣಕಾಲು ನೋವೂ ಇಲ್ಲ, ಬೇಜಾರೂ ಇಲ್ಲ ಕಣಯ್ಯಾ,’ ಎನ್ನುತ್ತಿದ್ದರು. ಇಂಥವರಿಗೆ ಕಂಪನಿಯ ವೈದ್ಯಕೀಯ ತಪಾಸಣೆಯಲ್ಲಿ ತೂಕ ತೊಂಬತ್ತೆಂಟು ಬಂತು. ಏಣಿ ಹತ್ತುವವರು ತೊಂಬತ್ತರೊಳಗೆ ಇರಬೇಕೆಂಬುದು ನಮ್ಮ ಕಂಪನಿಯ ನಿಯಮ. ಎರಡು ತಿಂಗಳು ಟೈಮ್ ಕೊಟ್ಟರು. ಅಷ್ಟರೊಳಗೆ ಇಳಿಯದಿದ್ದರೆ ಗೋದಾಮಿನಲ್ಲಿ ಕೂತು ಸಿಮೆಂಟ್ ಮೂಟೆಗಳಿಗೆ ಚೀಟಿ ಬರೆಯಬೇಕು.

ಆ ಸಂಜೆ ಭಾವ ಊಟಕ್ಕೆ ಕೂತವರು ತುತ್ತು ಮುಟ್ಟದೆ ತಟ್ಟೆ ಮುಂದೆ ಕೂತೇ ಇದ್ದರು. ಅಕ್ಕ ನೋಡುವಷ್ಟು ನೋಡಿ, ‘ಎಂಟು ಕೆಜಿ ತಾನೇ? ನಂಗೆ ಬಿಡಿ,’ ಅಂದಳು. ಅವಳು ಒಂದು ಕೆಲಸವನ್ನು ತನಗೆ ಬಿಡಿ ಅಂದಳೆಂದರೆ ಮುಗಿಯಿತು.

ಬೆಳಗಿನ ವಾಕಿಂಗಿನ ಗೆಳತಿಯೊಬ್ಬಳಿಂದ ಅಕ್ಕ ಡಿಟಾಕ್ಸ್ ಟೀ ತಂದಳು. ಹಸಿರು ಪೊಟ್ಟಣ, ಅದರ ಮೇಲೆ ಕಡ್ಡಿಯಂಥ ಹೆಂಗಸಿನ ಚಿತ್ರ. ದೇಹದೊಳಗಿನ ಕಸವನ್ನೆಲ್ಲ ಹೊರಗೆ ಹಾಕಿ ಹಗುರ ಮಾಡುತ್ತದಂತೆ. ಬೆಳಿಗ್ಗೆ ಐದಕ್ಕೆ ಭಾವನನ್ನು ಎಬ್ಬಿಸುವುದು, ಬಿಸಿನೀರಿನಲ್ಲಿ ಚೀಲ ಅದ್ದಿ ಹತ್ತು ನಿಮಿಷ ಮುಚ್ಚಿಡುವುದು, ಲೋಟ ಖಾಲಿಯಾಗುವ ತನಕ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಲ್ಲುವುದು. ವಾಸನೆ ನೋಡಿದರೆ ನೆನೆದ ಗೋಣಿಚೀಲದ್ದು. ನಾನೊಮ್ಮೆ ಮೂಗು ಮುಚ್ಚಿಕೊಂಡಿದ್ದಕ್ಕೆ, ‘ಲೋ, ನಿಂಗೂ ಒಂದು ಲೋಟ ಹಾಕ್ಲಾ?’ ಅಂದಳು. ನಾನು ಜಾಗ ಖಾಲಿ ಮಾಡಿದೆ.

ಟೀ ಕೆಲಸವನ್ನೇನೋ ಮಾಡಿತು. ಭಾವ ಸೈಟಿಗೆ ಬಂದವರು ಏಣಿ ಹತ್ತುವ ಮುಂಚೆ ಮೂರು ಸಲ ಶೌಚಾಲಯಕ್ಕೆ ಹೋಗುತ್ತಿದ್ದರು. ‘ನನ್ನೊಳಗೆ ಇಷ್ಟೊಂದು ಕಸ ಇತ್ತು ಅಂತ ನಂಗೇ ಗೊತ್ತಿರ್ಲಿಲ್ಲ ಕಣಯ್ಯಾ,’ ಎಂದು ಹೊಟ್ಟೆ ಹಿಡಿದುಕೊಂಡೇ ನಗುತ್ತಿದ್ದರು. ಮೊದಲ ವಾರವೇ ಒಂದೂವರೆ ಕೆಜಿ ಇಳಿಯಿತು. ಅಕ್ಕ ಪ್ರತಿ ಭಾನುವಾರ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು, ಬರೆದು ಮುಗುಳ್ನಗುತ್ತಿದ್ದಳು. ಭಾವನ ಅಪ್ಪ ಐವತ್ತೆರಡಕ್ಕೇ ಎದೆನೋವಿನಲ್ಲಿ ಹೋದವರು. ‘ಇವ್ರನ್ನ ನಾನು ಎಂಬತ್ತರ ತನಕ ಬಿಡಲ್ಲ,’ ಎಂದು ಅವಳು ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಭಾವನಿಗೆ ಈಗ ಐವತ್ತೊಂದು.

ಒಂದು ವಿಷಯ ಅಕ್ಕನಿಗೆ ಗೊತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಶೌಚಾಲಯ ಇರುವುದಿಲ್ಲ. ಹತ್ತಲು ಇಪ್ಪತ್ತು ನಿಮಿಷ, ಇಳಿಯಲು ಹದಿನೈದು. ಬೇರೆ ಆಪರೇಟರುಗಳು ಬಾಟಲಿ ಇಟ್ಟುಕೊಳ್ಳುತ್ತಾರೆ. ನಮ್ಮ ಭಾವನಿಗೆ ನಾಚಿಕೆ, ಸುತ್ತ ಗಾಜು ನೋಡಿ! ಹಾಗಾಗಿ ಅವರು ಮಧ್ಯಾಹ್ನದ ತನಕ ನೀರು ಮುಟ್ಟುವವರೇ ಅಲ್ಲ. ಟೀ ಶುರುವಾದ ಮೇಲೆ ತಿಂಡಿಯನ್ನೂ ಬಿಟ್ಟರು. ಅಕ್ಕ ಕಟ್ಟಿಕೊಟ್ಟ ಡಬ್ಬಿ ನನ್ನ ಕೈಗೆ ಬರುತ್ತಿತ್ತು. ನಾನೂ ಹೊಟ್ಟೆಬಾಕ, ಬೇಡ ಅನ್ನದೆ ತಿಂದೆ. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆರು ವಾರ ತಿಂದೆ.

ತಪಾಸಣೆಗೆ ಇನ್ನು ಒಂಬತ್ತು ದಿನ ಇದ್ದಾಗ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುವಾಗ ಭಾವನ ಬೆರಳುಗಳು ಸೊಟ್ಟಗೆ ತಿರುಚಿಕೊಂಡು ಹಾಗೇ ನಿಂತುಬಿಟ್ಟವು. ಅವರು ತೊಡೆಗೆ ಉಜ್ಜಿ ಉಜ್ಜಿ ಬಿಡಿಸಿಕೊಂಡರು. ನಾನು ನೋಡಿದೆ ಎಂದು ಅವರಿಗೂ ಗೊತ್ತಾಯಿತು.

‘ಏನ್ ಭಾವ ಇದು?’

‘ಏನಿಲ್ಲ, ಜೋಮು.’

‘ಜೋಮು ಹೀಗಿರುತ್ತಾ? ಇಂಜಿನಿಯರಿಗೆ ಹೇಳ್ತೀನಿ.’

‘ಒಂಬತ್ತೇ ದಿನ ಕಣಯ್ಯಾ,’ ಎಂದು ನನ್ನ ತೋಳು ಹಿಡಿದರು. ‘ಇನ್ನು ಒಂದೂವರೆ ಕೆಜಿ. ಈಗ ಹೇಳಿದ್ರೆ ಇವತ್ತೇ ಇಳಿಸ್ತಾರೆ. ನನ್ನ ಗೋದಾಮಲ್ಲಿ ಕೂರಿಸ್ಬೇಡ.’

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಬೇಡದ ಕಡೆಯೆಲ್ಲ ಬಾಯಿ ಬಿಡುವವನು ನಾನು. ಆ ದಿನ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆ. ಆರನೇ ಮಹಡಿಗೆ ಕಂಬಿಯ ಕಟ್ಟು ಹೋಗಬೇಕಿತ್ತು. ಅಲ್ಲಿ ಹನ್ನೊಂದು ಜನ ಕುಕ್ಕರುಗಾಲಿನಲ್ಲಿ ಕೂತು ತಂತಿ ಬಿಗಿಯುತ್ತಿದ್ದರು. ನಾನು ಅದೇ ಮಹಡಿಯ ಅಂಚಿನಲ್ಲಿ ನಿಂತು ವಾಕಿಟಾಕಿ ಹಿಡಿದಿದ್ದೆ. ಕಟ್ಟು ಮೇಲೆ ಬಂತು. ‘ಬಲಕ್ಕೆ, ಬಲಕ್ಕೆ, ನಿಧಾನ,’ ಅಂದೆ. ಕ್ರೇನಿನ ಉದ್ದನೆಯ ಕೈ ತಿರುಗಿತು. ಖಾಲಿ ಜಾಗದ ಮೇಲೆ ಬಂದ ಕೂಡಲೇ, ‘ನಿಲ್ಲಿ,’ ಅಂದೆ.

ನಿಲ್ಲಲಿಲ್ಲ.

‘ನಿಲ್ಲಿ ಭಾವ!’

ಇಪ್ಪತ್ತೊಂದು ವರ್ಷದಲ್ಲಿ ಈ ಮಾತನ್ನು ನಾನು ಎರಡು ಸಲ ಹೇಳಿದವನಲ್ಲ. ವಾಕಿಟಾಕಿಯಲ್ಲಿ ಏದುಸಿರು ಮಾತ್ರ ಕೇಳಿತು. ಆಮೇಲೆ ಸಣ್ಣ ದನಿ: ‘ಕೈ… ಕೈ ಬಿಡ್ತಿಲ್ಲ ಕಣಯ್ಯಾ.’

ಲಿವರಿನಿಂದ ಕೈ ತೆಗೆದರೆ ಅದು ತಾನಾಗಿ ನಡುವಿಗೆ ಬಂದು ಕ್ರೇನು ನಿಲ್ಲುತ್ತದೆ. ಆಪರೇಟರ್ ಎಚ್ಚರ ತಪ್ಪಿದರೂ ಅಪಾಯ ಆಗಬಾರದೆಂದು ಹಾಗೆ ಮಾಡಿದ್ದಾರೆ. ಆದರೆ ಹಿಡಿದ ಕೈ ಹಿಡಿದ ಹಾಗೇ ಕಲ್ಲಾಗುತ್ತದೆಂದು ಯಾರು ಯೋಚಿಸಿದ್ದರು? ಎರಡು ಟನ್ ಕಂಬಿ ಸೀದಾ ಆ ಹನ್ನೊಂದು ಜನರ ಕಡೆಗೆ ಹೊರಟಿತು. ನಾನು ಸೀಟಿ ಊದಿದೆ. ಎಲ್ಲರೂ ಎದ್ದು ಓಡಿದರು, ಒಬ್ಬನ ಪ್ಯಾಂಟು ತಂತಿಗೆ ಸಿಕ್ಕಿಹಾಕಿಕೊಂಡಿತು. ಅವನು ಎಳೆಯುತ್ತಾನೆ, ಬಿಡುತ್ತಿಲ್ಲ.

‘ಬಲಗಡೆ ಕೆಂಪು ಬಟನ್ ಒತ್ತಿ!’

‘ಬೆರಳು ಆಡ್ತಿಲ್ಲ…’

‘ಬೆರಳಿಗೆ ಬೆಂಕಿ ಹಾಕ! ಮೊಣಕೈಲಿ ಗುದ್ದಿ! ಮೊಣಕೈ ಭಾವ, ಮೊಣಕೈ!’

ಒಂದು, ಎರಡು, ಮೂರು ಉಸಿರು. ಕ್ರೇನು ಕಿರ್ರೆಂದು ನಿಂತಿತು. ಕ್ರೇನೇನೋ ನಿಂತಿತು, ಕಂಬಿ ನಿಲ್ಲಬೇಕಲ್ಲ? ಜೋಲಿ ಹೊಡೆದು ಮುಂದಕ್ಕೆ ಬಂತು. ಸಿಕ್ಕಿಕೊಂಡವನು ನೆಲಕ್ಕೆ ಬೋರಲು ಬಿದ್ದ. ಕಟ್ಟು ಅವನ ಬೆನ್ನಿನ ಮೇಲೆ ಒಂದು ಗೇಣು ಅಂತರದಲ್ಲಿ ಹಾದುಹೋಯಿತು, ಹಿಂದಕ್ಕೆ ಬಂತು, ಮತ್ತೆ ಹಾದುಹೋಯಿತು. ಅವನು ಎದ್ದು ಕೂತು ಮೊದಲು ಮಾಡಿದ ಕೆಲಸ ನನ್ನ ವಂಶವನ್ನೆಲ್ಲ ಬೈದದ್ದು. ನನಗೆ ಅವನ ಕಾಲು ಹಿಡಿಯಬೇಕೆನಿಸಿತು.

ಏಣಿಯನ್ನು ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಹಿಂದೆ ಇಬ್ಬರು ಹಗ್ಗ, ಸ್ಟ್ರೆಚರು ಹೊತ್ತು ಬರುತ್ತಿದ್ದರು. ಭಾವ ಬೆವರಿನಲ್ಲಿ ತೊಯ್ದು ಕೂತಿದ್ದರು. ತುಟಿ ಬಿಳಿ, ಎಡಗೈ ಇನ್ನೂ ಲಿವರಿನ ಮೇಲೆ. ನಾನು ಒಂದೊಂದೇ ಬೆರಳನ್ನು ಬಿಡಿಸಿದೆ.

‘ಕೆಳಗೆ ಯಾರಿಗಾದ್ರೂ…’

‘ಯಾರಿಗೂ ಏನೂ ಆಗಿಲ್ಲ.’

ಅವರು ಮಗುವಿನ ಹಾಗೆ ಅತ್ತರು. ಅತ್ತು, ನನ್ನ ಕಿವಿಯ ಹತ್ತಿರ ಬಾಯಿ ತಂದು, ‘ಆ ಟೀನೇ ಇರ್ಬೇಕು ಕಣಯ್ಯಾ. ನಿಮ್ಮಕ್ಕಂಗೆ ಹೇಳ್ಬೇಡ. ಅವಳು ತಡ್ಕೊಳ್ಳಲ್ಲ,’ ಅಂದರು.

ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿದರು. ಪಕ್ಕದ ಪರದೆಯ ಮೇಲೆ ಗೆರೆ ಎದ್ದು ಬಿದ್ದು ಓಡುತ್ತಿತ್ತು. ಅಕ್ಕ ಮಧ್ಯಾಹ್ನದ ಹೊತ್ತಿಗೆ ಬಂದಳು. ಕಣ್ಣು ಕೆಂಪಗಿದ್ದರೂ ಕೈಚೀಲದಲ್ಲಿ ಬಟ್ಟೆ, ಟವೆಲು, ಬಾಚಣಿಗೆ ಎಲ್ಲ ಅಚ್ಚುಕಟ್ಟು. ಡಾಕ್ಟರು ರಕ್ತದ ರಿಪೋರ್ಟು ಹಿಡಿದು ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ.

‘ರಕ್ತದಲ್ಲಿ ಪೊಟ್ಯಾಸಿಯಂ ಪಾತಾಳಕ್ಕೆ ಹೋಗಿದೆ. ಬೆರಳು ಹಿಡಿದಿದ್ದು, ಹೃದಯದ ಬಡಿತ ತಪ್ತಿರೋದು ಎರಡಕ್ಕೂ ಅದೇ ಕಾರಣ. ಅದು ಯಾಕೆ ಇಳೀತು ಅಂತ ಗೊತ್ತಾಗ್ಬೇಕು. ವಾಂತಿ? ಭೇದಿ? ಏನಾದ್ರೂ ಔಷಧಿ?’

‘ಏನೂ ಇಲ್ಲ,’ ಅಂದರು ಭಾವ.

‘ಮಾತ್ರೆ ಅಂದ್ರೇನೇ ಓಡ್ತಾರೆ ಡಾಕ್ಟ್ರೇ,’ ಅಂದಳು ಅಕ್ಕ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಟೀ ಅವಳ ಲೆಕ್ಕದಲ್ಲಿ ಔಷಧಿಯೇ ಅಲ್ಲ.

‘ಹಾಗಾದ್ರೆ ಮೂತ್ರಪಿಂಡದ್ದೋ ಹೃದಯದ್ದೋ ಕಾಯಿಲೆ ಅಂತಲೇ ಹುಡುಕ್ಬೇಕಾಗುತ್ತೆ. ಕಾರಣ ಸಿಗದಿದ್ರೆ ಕಂಪನಿಗೆ ನಾನು ಒಂದೇ ಮಾತು ಬರೆಯೋದು. ಇವರು ಇನ್ಮುಂದೆ ಕ್ರೇನ್ ಹತ್ತೋ ಹಾಗಿಲ್ಲ.’

ನಾನು ಭಾವನ ಮುಖ ನೋಡಿದೆ. ಅವರು ಚಾವಣಿ ನೋಡುತ್ತ, ‘ಬರೀರಿ ಡಾಕ್ಟ್ರೇ,’ ಅಂದರು.

ಗೋದಾಮು ಎಂದರೆ ಊಟ ಬಿಟ್ಟು ಕೂರುತ್ತಿದ್ದ ಮನುಷ್ಯ, ಬರೀರಿ ಅಂದುಬಿಟ್ಟರು! ನನ್ನ ತಲೆ ಕೆಟ್ಟುಹೋಯಿತು.

‘ಏನ್ ಬರೀತಾರೆ? ನಿಮ್ಮ ತಲೆ! ಡಾಕ್ಟ್ರೇ, ಏಳು ವಾರದಿಂದ ಇವ್ರು ಡಿಟಾಕ್ಸ್ ಟೀ ಕುಡೀತಿದ್ದಾರೆ. ದಿನಕ್ಕೆ ಐದಾರು ಸಲ ಹೊರಗೆ ಹೋಗ್ತಾರೆ. ತಿಂಡಿ ತಿನ್ನಲ್ಲ, ಮಧ್ಯಾಹ್ನದ ತನಕ ಒಂದು ಗುಟುಕು ನೀರು ಕುಡಿಯಲ್ಲ. ಬೆರಳು ಸೊಟ್ಟ ಆಗಿದ್ದನ್ನ ನಾನು ಮೂರು ದಿನದ ಹಿಂದೆನೇ ನೋಡಿದೀನಿ, ನೋಡಿ ಸುಮ್ನಿದ್ದೆ. ಅಷ್ಟನ್ನೂ ಬರ್ಕೊಳ್ಳಿ.’

‘ಮುಚ್ಚೋ ಬಾಯಿ,’ ಅಂದರು ಭಾವ. ಒಂದು ದಿನವೂ ನನಗೆ ಹಾಗೆ ಅಂದವರಲ್ಲ.

ಅಕ್ಕ ನನ್ನ ಮೇಲೆ ಹರಿಹಾಯುತ್ತಾಳೆ ಅಂದುಕೊಂಡೆ. ಅವಳು ಕೈಚೀಲಕ್ಕೆ ಕೈ ಹಾಕಿದಳು. ಟವೆಲಿನ ಕೆಳಗಿನಿಂದ ಹಸಿರು ಪೊಟ್ಟಣ ತೆಗೆದಳು. ಆಸ್ಪತ್ರೆಯಲ್ಲೂ ಒಂದು ದಿನ ತಪ್ಪಬಾರದೆಂದು ತಂದಿದ್ದಳು.

ಡಾಕ್ಟರು ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರು. ‘ಸೋನಾಮುಖಿ. ಭೇದಿ ಮಾಡಿಸೋ ಎಲೆ ಇದು. ಕಸ ಅಲ್ಲ, ನೀರು, ಲವಣ ಎಲ್ಲ ಹೊರಗೆ ಹೋಗಿದೆ.’ ಆಮೇಲೆ ಸ್ವಲ್ಪ ಯೋಚಿಸಿ, ‘ಆದ್ರೂ ಇಷ್ಟೊಂದು ಇಳಿಯೋಕೆ… ದಿನಕ್ಕೆ ಎಷ್ಟು ಲೋಟ?’

‘ಒಂದು,’ ಅಂದರು ಭಾವ ತಟ್ಟನೆ. ‘ಇವಳು ಬೇಡ ಅಂತಾನೇ ಇದ್ಲು. ನಾನೇ ಮಾಡ್ಕೊಂಡು ಕುಡೀತಿದ್ದೆ.’

‘ಒಂದೇ ಆದ್ರೆ ಇದರದ್ದೇ ಕೆಲಸ ಅಂತ ನಾನು ಖಚಿತವಾಗಿ ಬರೆಯೋಕಾಗಲ್ಲ,’ ಎಂದು ಡಾಕ್ಟರು ಪೆನ್ನು ತೆಗೆದರು.

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. ಸುಮ್ಮನಿದ್ದಿದ್ದರೆ ಅವಳ ತಪ್ಪು ಅಲ್ಲಿಗೆ ಮುಗಿಯುತ್ತಿತ್ತು. ಭಾವನೂ ತಿರುಗಿ ಒಂದು ಮಾತು ಎತ್ತುತ್ತಿರಲಿಲ್ಲ, ಬೆಳಗಿನದನ್ನಷ್ಟೇ ಕಂಡಿದ್ದ ನಾನಂತೂ ಒಂದೇ ಲೋಟ ಎಂದೇ ನಂಬಿದ್ದೆ.

‘ಸುಳ್ಳು ಡಾಕ್ಟ್ರೇ. ಮಾಡ್ಕೊಟ್ಟಿದ್ದೆಲ್ಲ ನಾನೇ,’ ಅಂದಳು. ‘ಒಂದು ಅಂತ ಪೊಟ್ಟಣದ ಮೇಲಿತ್ತು. ತೂಕ ಇಳೀತಿದೆ ಅಂತ ಎರಡನೇ ವಾರದಿಂದ ಸಂಜೆಗೂ ಒಂದು ಕೊಟ್ಟೆ. ತಪಾಸಣೆ ಹತ್ರ ಬಂತಲ್ಲ…’ ಅವಳು ಭಾವನ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದಳು. ‘ಮೊನ್ನೆಯಿಂದ ಮೂರು.’

‘ಮೂರು,’ ಎಂದು ಡಾಕ್ಟರು ಬರೆದುಕೊಂಡರು. ಲವಣ ಸರಿಯಾದ ಮೇಲೆ ತಿಂಗಳು ಬಿಟ್ಟು ಮತ್ತೆ ಪರೀಕ್ಷೆ, ಅದರಲ್ಲಿ ಎಲ್ಲ ಸರಿಯಿದ್ದರೆ ಕ್ರೇನ್ ಹತ್ತಲು ತಾನೇ ಸಹಿ ಹಾಕುತ್ತೇನೆ ಎಂದು ಹೇಳಿ ಹೊರಗೆ ಹೋದರು.

ಭಾವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಅಕ್ಕ ಮಂಚ ಸುತ್ತಿಕೊಂಡು ಹೋಗಿ, ಗೋಡೆಗೂ ಮಂಚಕ್ಕೂ ನಡುವಿನ ಆ ಇಕ್ಕಟ್ಟಿನಲ್ಲಿ, ಅವರ ಮುಖದ ಎದುರಿಗೇ ನೆಲದ ಮೇಲೆ ಕೂತಳು.