ಮೂವತ್ತೊಂದನೆಯ ಕಾರ್ಡಿನ ಗುಡ್ಡ

ಏಪ್ರಿಲ್ ೩ರಂದು ನಾನು ಚಾಕುವಿನಿಂದ ಚಿತ್ರ ಮಾಡುವ ಅಭ್ಯಾಸ ಶುರು ಮಾಡಿದೆ. ಬಿ.ಎಡ್. ಪರೀಕ್ಷೆ ಮುಗಿದಿತ್ತು. ಬೈಲಹೊಂಗಲದ ಬಿಸಿಲಿನಲ್ಲಿ ಹನ್ನೊಂದರ ಮೇಲೆ ಹೊರಗೆ ಹೋಗುವಂತಿರಲಿಲ್ಲ. ಈ ಪದ್ಧತಿಯಲ್ಲಿ ಬ್ರಶ್ ಬೇಕಿಲ್ಲ. ಎಲೆಯಾಕಾರದ, ಬಾಗುವ ಒಂದು ಸಣ್ಣ ಚಾಕು ಮತ್ತು ಎಣ್ಣೆಬಣ್ಣದ ಟ್ಯೂಬುಗಳಿದ್ದರೆ ಸಾಕು. ಅವ್ವ ಚಾಕು ನೋಡಿದವಳೇ, ಗಾರೆ ಕೆಲಸದವರ ಕರಣೆ ನೆನಪಾಗಿ, "ಅಯ್ಯ, ಗವಂಡ್ಯಾರ ಥಾಪಿ ಮರಿ ಹಾಕಿದಂಗ ಐತಿ!" ಅಂದಳು.

ಬೇಕಾದದ್ದು ದಪ್ಪ, ನುಣುಪಾದ ಕಾಗದ. ನಮ್ಮ ಮನೆಯಲ್ಲಿ ಅಂಥದ್ದೆಂದರೆ ಲಗ್ನಪತ್ರಿಕೆ. ಮುಗಿದ ಮದುವೆಗಳ ಕಾರ್ಡುಗಳನ್ನು ಅವ್ವ ಸೀರೆಯ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಬರಲಿರುವ ಮದುವೆಗಳವು ಅಡುಗೆಮನೆಯ ಬಾಗಿಲ ಪಕ್ಕದ ಕ್ಲಿಪ್ಪಿನಲ್ಲಿ ತೂಗುತ್ತಿದ್ದವು. ಗಣಪತಿ ಇರುವ ಮುಖ ಮುಟ್ಟಕೂಡದು ಎಂಬುದು ಅವಳ ಷರತ್ತು. ಬರಹವಿರುವ ಮುಖ ನನ್ನ ಪಾಲಿಗೆ ಬಂತು.

ದಿನಕ್ಕೊಂದು ಕಾರ್ಡು, ಕಾರ್ಡಿಗೆ ಹತ್ತು ನಿಮಿಷ. ಮೊದಲ ವಾರ ಬರೀ ಒಂದೇ ಬಣ್ಣವನ್ನು ಸಮನಾಗಿ ಎಳೆಯುವುದು. ಆಮೇಲೆ ಚಾಕುವಿನ ಅಂಚಿನಿಂದ ಗೆರೆ. ಆಮೇಲೆ ಎರಡು ಬಣ್ಣ ಒಟ್ಟಿಗೆ ತೆಗೆದುಕೊಂಡು, ಪೂರ್ತಿ ಕಲೆಸದೆ, ಒಂದೇ ಎಳೆತದಲ್ಲಿ ಬಿಡುವುದು. ಈ ಕೆಲಸದ ಗುಟ್ಟೆಲ್ಲ ಬಿಡುವುದರಲ್ಲೇ ಇದೆ. ಎಳೆದ ಜಾಗವನ್ನು ಮತ್ತೆ ಮುಟ್ಟಿದರೆ ಬಣ್ಣ ರಾಡಿಯಾಗುತ್ತದೆ. ಹಾಗಾಗಿ ಡೈರಿಯಲ್ಲಿ ತಾರೀಖು, ಕಾರ್ಡಿನ ನಂಬರು, ಒಟ್ಟು ಎಳೆತ ಎಂಬ ಮೂರು ಕಾಲಮ್ಮುಗಳ ಜೊತೆಗೆ 'ಬೇಡದ ಮುಟ್ಟು' ಎಂಬ ನಾಲ್ಕನೆಯದನ್ನೂ ಹಾಕಿದೆ. ಮೊದಲ ಕಾರ್ಡು: ಎಳೆತ ೪೬, ಬೇಡದ ಮುಟ್ಟು ೩೧.

ಅಪ್ಪ ಆ ಕಾರ್ಡನ್ನು ಬೆಳಕಿಗೆ ಹಿಡಿದ. "ಇದೇನವಾ?"

"ಆಕಾಶ."

"ಹಂಗಾರ ಮಳಿ ಬರತೈತಿ, ಒಣಗಾಕ ಹಾಕಿದ ಶೇಂಗಾ ಒಳಗ ತಗೋ," ಎಂದು ಅವ್ವನಿಗೆ ಕೂಗಿ ಹೇಳಿದ.

ಮೇ ೩, ಕಾರ್ಡು ೩೧. ಉಗರಗೋಳದ ಕಡೆಯಿಂದ ಕಾಣುವ ಯಲ್ಲಮ್ಮನ ಗುಡ್ಡ, ಸಂಜೆ. ಎಳೆತ ೧೯, ಬೇಡದ ಮುಟ್ಟು ೦. ಸೊನ್ನೆಯನ್ನು ನಾನು ಎರಡು ಸಲ ತಿದ್ದಿ ಸುತ್ತಲೂ ಚೌಕ ಹಾಕಿದೆ. ಅದೇ ಪುಟದಲ್ಲಿ ಇನ್ನೊಂದು ಸಾಲೂ ಇದೆ: "ಕ್ಲಿಪ್ಪಿನಲ್ಲಿ ಹೋದ ವರ್ಷದ ಕಾರ್ಡೊಂದು ಉಳಿದಿತ್ತು. ತೆಗೆದು ಬಳಸಿದೆ."

ಅದು ಹೋದ ವರ್ಷದ್ದಾಗಿರಲಿಲ್ಲ. ಸುರೇಬಾನದ ದೊಡ್ಡವ್ವ, ಅಂದರೆ ಅವ್ವನ ದೊಡ್ಡಪ್ಪನ ಮಗಳು, ಹೋದ ವರ್ಷ ಹಿರಿಮಗನ ಮದುವೆಗೆ ಮಾಡಿಸಿದ್ದಂಥ ಕಾರ್ಡನ್ನೇ ಕಿರಿಮಗನಿಗೂ ಮಾಡಿಸಿದ್ದಳು. ಅದೇ ಪ್ರೆಸ್ಸು, ಅದೇ ಕೆಂಪು, ಅದೇ ಬಂಗಾರದ ಅಕ್ಷರ. ಅವಳು ಅದನ್ನು ಕೊಡಲು ಬಂದ ದಿನ ನಾನು ಧಾರವಾಡಕ್ಕೆ ಹೋಗಿದ್ದೆ.

ಮೇ ೬ರ ಮಧ್ಯಾಹ್ನ ಅವ್ವ ಕ್ಲಿಪ್ಪಿನಲ್ಲಿ ಆ ಕಾರ್ಡು ಹುಡುಕಿದಳು. ಮದುವೆ ಎಂಟನೇ ತಾರೀಖಿಗೆ, ಊರು ರಾಮದುರ್ಗ, ಇಷ್ಟು ಎಲ್ಲರಿಗೂ ನೆನಪಿತ್ತು. ಯಾವ ಮಂಟಪ, ಎಷ್ಟು ಗಂಟೆಗೆ ಎಂಬುದು ಕಾರ್ಡಿನಲ್ಲಿತ್ತು. ಕಾರ್ಡಿನ ಮೇಲೆ ಗುಡ್ಡವಿತ್ತು.

"ಫೋನ್ ಮಾಡಿ ಕೇಳೂನು," ಅಂದೆ.

"ಏನಂತ ಕೇಳ್ತಿ? ಹೋದ ವರ್ಷ ಅಕ್ಕಿಕಾಳ ಬಿದ್ದ, ಮುಹೂರ್ತ ಮುಗದ ಮ್ಯಾಲ ಹೋದ್ವಿ. 'ಊಟಕ್ಕ ಬರೋಬ್ಬರಿ ಟೈಮಿಗೆ ಬಂದ್ರಿ ನೋಡ' ಅಂತ ಮಂದಿ ಮುಂದ ಅಂದಳ ಅಕ್ಕ. ಈ ಸಲ ಕಾರ್ಡ್ ಕೈಯಾಗ ಕೊಟ್ಟು, 'ಟೈಮ್ ಓದಿಕೊಂಡ ಬಾ' ಅಂತ ಹೇಳಿ ಹೋಗ್ಯಾಳ. ಈಗ ಕೇಳಿದ್ರ, ಕಾರ್ಡ್ ಬಿಚ್ಚೇ ನೋಡಿಲ್ಲ ಅಂತಾಳ."

"ಬ್ಯಾರೆ ಯಾರಿಗರ ಕೇಳೂನು."

"ಯಾರಿಗೆ ಕೇಳಿದ್ರೂ ಚಾ ಆರೂದ್ರಾಗ ಸುದ್ದಿ ಆಕಿಗೆ ಮುಟ್ಟತೈತಿ. ಆ ಬಣ್ಣಾ ಕೆರದ ತಗಿ."

ಮೂವತ್ತೊಂದು ದಿನಗಳಲ್ಲಿ ಬಂದ ಒಂದೇ ಸೊನ್ನೆ. ನಾನು ಅವ್ವನ ಮುಖ ನೋಡಿದೆ. ಅವಳಿಗೆ ಗುಡ್ಡ ಕಾಣುತ್ತಲೇ ಇರಲಿಲ್ಲ, ಅಕ್ಕ ಕಾಣುತ್ತಿದ್ದಳು. ಚಾಕು ತಂದೆ.

ದಪ್ಪ ಎಣ್ಣೆಬಣ್ಣ ಮೂರು ದಿನಕ್ಕೆಲ್ಲ ಒಣಗುವುದಿಲ್ಲ. ಮೇಲೆ ಕೆನೆ ಕಟ್ಟಿ ಒಳಗೆ ಬೆಣ್ಣೆಯ ಹಾಗೆ ಇರುತ್ತದೆ. ಕೆಳಗಿನ ಅಂಚಿನಿಂದ ಶುರು ಮಾಡಿದೆ. ಅಪ್ಪ ಮೂಗಿಗೆ ಚಾಳೀಸು ಏರಿಸಿಕೊಂಡು ಪಕ್ಕದಲ್ಲಿ ಕುಳಿತು ಓದಿದ. ಮೊದಲು ಬಂದದ್ದು 'ನಮ್ಮ ಮಾಮಾನ ಮದುವೆಗೆ ತಪ್ಪದೇ ಬನ್ನಿ'. ಎರಡನೇ ಎಳೆತಕ್ಕೆ 'ಆಶೀರ್ವಾದವೇ ಉಡುಗೊರೆ'.

"ಉಡುಗೊರಿ ಬ್ಯಾಡಂತ," ಅಂದ ಅಪ್ಪ. "ಇಷ್ಟರ ತಿಳೀತು."

"ನೀವ್ ಸುಮ್ಕಿರ್ರಿ," ಅಂದಳು ಅವ್ವ.

ಏಳನೇ ಎಳೆತಕ್ಕೆ ಮಂಟಪ ಸಿಕ್ಕಿತು: ಬಸ್‌ಸ್ಟ್ಯಾಂಡಿನ ಹಿಂದಿನದು. ಮುಹೂರ್ತ ಮಾತ್ರ ಗುಡ್ಡದ ಬುಡದಲ್ಲಿ, ಬಣ್ಣ ಅತಿ ದಪ್ಪವಿದ್ದಲ್ಲಿ ಹೂತಿತ್ತು. ಅಲ್ಲಿ ಚಾಕು ಒತ್ತಿದ್ದಕ್ಕೆ ಬಂಗಾರದ ಅಂಕಿಗಳೂ ಬಣ್ಣದ ಜೊತೆಗೇ ಎದ್ದು ಬಂದವು. ಉಳಿದದ್ದು ಒಂದು '೧'. ಅದರ ಮುಂದೆ ಸೊನ್ನೆಯೋ, ಒಂದೋ, ಎರಡೋ. ಡೈರಿಯಲ್ಲಿ ಬರೆದೆ: ಕೆರೆತ ೧೧, ಬೇಡದ ಮುಟ್ಟು ೧.

ಹತ್ತಕ್ಕೇ ಇದ್ದರೂ ತಪ್ಪಬಾರದೆಂದು, ಎಂಟರಂದು ಮೊದಲ ಬಸ್ಸೇ ಗತಿ ಎಂದು ಅವ್ವ ತೀರ್ಮಾನಿಸಿದಳು. ಸವದತ್ತಿ ದಾಟುವಾಗ ನಿಜವಾದ ಗುಡ್ಡ ಕಂಡಿತು. ನಾನು ಮುಖ ತಿರುಗಿಸಿದೆ.

ಮಂಟಪ ಮುಟ್ಟಿದಾಗ ಎಂಟು ಇಪ್ಪತ್ತು. ಹೂವು ಕಟ್ಟುವವರು ಇನ್ನೂ ಏಣಿಯ ಮೇಲಿದ್ದರು. ತಲೆ ಬಾಚಿಕೊಳ್ಳುತ್ತಿದ್ದ ದೊಡ್ಡವ್ವ ಬಾಚಣಿಗೆ ಸಮೇತ ಹೊರಗೆ ಬಂದಳು. "ಏನವಾ, ನಿನ್ನೆನ ಬಂದ ವಸ್ತಿ ಇದ್ರೇನ? ಅಕ್ಕಿಕಾಳ ಹನ್ನೆರಡೂವರಿಗೆ ಐತಿ!"

"ಅಕ್ಕನ ಮಗನ ಲಗ್ನಕ್ಕ ಟೈಮ್ ನೋಡತಾರೇನ," ಅಂದಳು ಅವ್ವ. ಅಷ್ಟಕ್ಕೇ ಮುಗಿಯಬೇಕಿತ್ತು. ಅಪ್ಪ ದಾರಿ ಕೇಳಲೆಂದು ಕಾರ್ಡನ್ನು ಅಂಗಿಯ ಜೇಬಿನಲ್ಲಿ ತಂದಿದ್ದ. ಜೇಬು ನೀಲಿಯಾಗಿತ್ತು. ದೊಡ್ಡವ್ವ ಕಾರ್ಡನ್ನು ಎಳೆದು ತೆಗೆದಳು.

"ಇದೇನ ನಮ್ಮ ಕಾರ್ಡಿನ ಗತಿ?"

"ಪ್ರೆಸ್ಸಿನವರು ಹಂಗ ಕೊಟ್ಟಾರೇನೋ," ಎಂದು ಅವ್ವನ ಬಾಯಿಂದ ಬಂದೇಬಿಟ್ಟಿತು.

"ಹೌದಾ? ತಡಿ, ಅವನ್ನ ಈಗ ಇಲ್ಲೇ ಕರಸ್ತೇನಿ!" ದೊಡ್ಡವ್ವನ ಕೈ ಫೋನಿಗೆ ಹೋಯಿತು. ಹೇಳದೆ ಬೇರೆ ದಾರಿ ಇರಲಿಲ್ಲ. ನಾನು ಎಲ್ಲ ಹೇಳಿದೆ, ನಂಬರು ಸಮೇತ.

ಅವಳು ಕಾರ್ಡನ್ನು ತಿರುಗಿಸಿ ನೋಡಿದಳು. "ಚೊಲೊ ಬಂದಿತ್ತೇನ ಗುಡ್ಡ?"

"ಅದೊಂದ ಚೊಲೊ ಬಂದಿತ್ತರಿ ದೊಡ್ಡವ್ವ."

"ಮತ್ತ ಕೆರದ್ಯಾ?"

"ಅವ್ವ ಕೆರಸಿದಳ್ರಿ. ಈ ಸಲ ನಿಮ್ಮ ಕಡಿಂದ ಮಾತ ಕೇಳಬಾರದಂತ."

ದೊಡ್ಡವ್ವ ಅವ್ವನನ್ನು ನೋಡಿದಳು. ಬಾಚಣಿಗೆಯನ್ನು ತುರುಬಿಗೆ ಸಿಕ್ಕಿಸಿಕೊಂಡು ನಕ್ಕಳು. ಮೊದಲು ಹಗುರಾಗಿ, ಆಮೇಲೆ ಏಣಿಯ ಮೇಲಿನವರು ತಿರುಗಿ ನೋಡುವಷ್ಟು ಜೋರಾಗಿ. ಅವ್ವನ ಕೈ ಹಿಡಿದು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. ಹನ್ನೆರಡರ ಹೊತ್ತಿಗೆ ಬಂದ ಬೀಗರಿಗೆಲ್ಲ ಅವಳದು ಒಂದೇ ಪರಿಚಯ: "ಈಕಿ ನನ್ನ ತಂಗಿ. ನನ್ನ ಮಗನ ಲಗ್ನಕ್ಕ ಯಲ್ಲವ್ವನ ಗುಡ್ಡಾ ಕೆರದ ಬಂದಾಳ."

"ಗುಡ್ಡಾ? ಅದನ್ನ ಹೆಂಗ ಕೆರದ್ರಿ?" ಎಂದು ಮದುಮಗಳ ಅಜ್ಜಿ ಗಾಬರಿಯಿಂದ ಕೇಳಿದಳು.

ಅವ್ವ ಕುರ್ಚಿಯಿಂದ ಏಳದೆಯೇ ನನ್ನತ್ತ ಬೆರಳು ಮಾಡಿದಳು.